ಎರಡು ಕಂಪ್ಯೂಟರು, ಒಂದು ಸೀರೆಯಂಚು

ಈ ಹೊತ್ತು ಬೆಳಿಗ್ಗೆ ಚಹಾ ಕುಡಿದು ಕಂಪ್ಯೂಟರಿನ ಮುಂದೆ ಕೂತರೆ, ಅದು ನನ್ನನ್ನೇ ಒಂದು ಪ್ರಶ್ನೆ ಕೇಳಿತು: ‘ಹೊಸ ಆವೃತ್ತಿ ಸಿದ್ಧವಿದೆ. ಈಗಲೇ ಹಾಕಿಕೊಳ್ಳುವಿರಾ?’ ಕೆಳಗೆ ಎರಡು ಗುಂಡಿ, ‘ಹೌದು’ ಮತ್ತು ‘ನಂತರ’. ನಿಮಗೂ ಈ ಪ್ರಶ್ನೆ ಬಂದಿರುತ್ತದೆ. ನೀವೂ ನನ್ನ ಹಾಗೆ ‘ನಂತರ’ ಒತ್ತಿ ಪಾರಾಗುವವರ ಪೈಕಿಯಾದರೆ ಬನ್ನಿ, ಪಕ್ಕದಲ್ಲಿ ಕೂತುಕೊಳ್ಳಿ. ಇದೇ ಪ್ರಶ್ನೆಯ ಮೇಲೆ ನಾನು ಒಂದು ಇಡೀ ಬೇಸಿಗೆ ಜಗಳವಾಡಿದವನು.

ಆಗ ನಾರಾಯಣಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಕಂಪ್ಯೂಟರ್ ಸೆಂಟರ್ ಇತ್ತು. ನಮ್ಮದು ಎಂದರೆ ನನ್ನದು ಮತ್ತು ಸಾದಿಕನದು. ಸಾದಿಕ್ ಮಕ್ತಲ್‌ನವನು, ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಕಲಿಸುವ ಕೆಲಸ ನನ್ನದು, ರಿಪೇರಿ ಅವನದು. ನಾಲ್ಕು ಹಳೆಯ ಕಂಪ್ಯೂಟರುಗಳಿದ್ದವು, ನಾಲ್ಕರಲ್ಲೂ ಎಕ್ಸ್‌ಪಿ ಎಂಬ ಹಳೆಯ ಆವೃತ್ತಿ. ಆನ್ ಮಾಡಿದರೆ ಹಸಿರು ಗುಡ್ಡ, ಮೇಲೆ ನೀಲಿ ಆಕಾಶ. ವರ್ಷಗಟ್ಟಲೆ ನೋಡಿ ನೋಡಿ ಆ ಗುಡ್ಡ ಪಕ್ಕದ ಮರಿಕಲ್ ಊರು ದಾಟಿದ ಮೇಲೆ ಎಲ್ಲೋ ಬಲಗಡೆಗೆ ಇದೆ ಎಂದೇ ನನಗೆ ಅನ್ನಿಸುತ್ತಿತ್ತು. ಆ ಕಡೆ ಅಷ್ಟು ಹಸಿರು ಮಳೆಗಾಲದಲ್ಲೂ ಕಾಣುವುದಿಲ್ಲ, ಆ ಮಾತು ಬೇರೆ.

ಆ ಬೇಸಿಗೆ ಎಲ್ಲವೂ ಹೊಸದಾಗುವ ಬೇಸಿಗೆ. ಎಕ್ಸ್‌ಪಿಯನ್ನು ಮಾಡಿದವರೇ ಇನ್ನು ಇದಕ್ಕೆ ನಾವು ಹೊಣೆಯಲ್ಲ ಎಂದು ಕೈ ತೊಳೆದುಕೊಂಡಿದ್ದರು. ಅತ್ತ ಹೊಸ ರಾಜ್ಯ ಬಂದು, ಕಚೇರಿಗಳ ಬೋರ್ಡುಗಳಲ್ಲಿ ಆಂಧ್ರಪ್ರದೇಶ ಅಳಿಸಿ ತೆಲಂಗಾಣ ಎಂದು ಬರೆಯುತ್ತಿದ್ದರು. ನಮ್ಮ ಎದುರಿಗೆ ಚಹಾದ ಹೋಟೆಲು ಇಟ್ಟಿದ್ದ ಮುದುಕ ವೀರಭದ್ರಪ್ಪ ಸ್ಟೋವಿನ ಮುಂದೆ ಕೂತು ಹೇಳುತ್ತಿದ್ದ: “ನಾ ಈ ಓಣಿ ಬಿಟ್ಟು ಎಲ್ಲೂ ಹೋಗಿಲ್ಲರೀ. ಆದ್ರೂ ನಾಕು ಸರಕಾರ ನೋಡೀನಿ. ನಿಜಾಮರದು, ಹೈದ್ರಾಬಾದಿಂದು, ಆಂಧ್ರದ್ದು, ಈಗ ಇದು. ಪ್ರತಿ ಸಲ ಬೋರ್ಡು ಬರಿಯಾವ್ನಿಗೆ ಮಾತ್ರ ಕೈತುಂಬ ಕೆಲ್ಸ.” ಹೀಗೆ ಹೇಳಿದರೂ ಹೊಸ ರಾಜ್ಯ ಹುಟ್ಟಿದ ಜೂನ್ ಎರಡರಂದು ಬಂದವರಿಗೆಲ್ಲ ಪುಕ್ಕಟೆ ಚಹಾ ಕೊಟ್ಟವನು ಅವನೇ.

ಇಂಥ ಹವೆಯಲ್ಲಿ ಸಾದಿಕ್ ಒಂದು ಹೊಸ ಕಂಪ್ಯೂಟರನ್ನೂ ಹೊಸ ಪ್ರಿಂಟರನ್ನೂ ತಂದು ಇಟ್ಟ. ಅದರೊಳಗೆ ಹೊಸ ಆವೃತ್ತಿ ‘ಸೆವೆನ್’. ನಮ್ಮ ಜಗಳ ಶುರುವಾದದ್ದು ಅಲ್ಲಿ. ಹೊಸದು ಹಳೆಯದಕ್ಕಿಂತ ಮೇಲೋ? ನಾನು ಎಕ್ಸ್‌ಪಿಯ ಸೇನಾಪತಿ, ಅವನು ಸೆವೆನ್‌ನ ವಕೀಲ, ವೀರಭದ್ರಪ್ಪನ ಹೋಟೆಲೇ ಕೋರ್ಟು. ಸೆವೆನ್ ಕನ್ನಡವನ್ನೂ ತೆಲುಗನ್ನೂ ಹುಟ್ಟುತ್ತಲೇ ಕಲಿತು ಬಂದಿದೆ ಎಂದು ಅವನು. ನನ್ನ ಎಕ್ಸ್‌ಪಿಗೆ ಕಲಿಸಿದರೆ ಸಾಕು ಎಂದು ನಾನು. ಹೊಸದರ ಕಿಟಕಿಗಳು ಗಾಜಿನಂತೆ ಹೊಳೆಯುತ್ತವೆ ಎಂದ. ಹೊಳಪು ಯಾರಿಗೆ ಬೇಕು, ಗಾಳಿ ಬಂದರೆ ಸಾಕು ಎಂದೆ. ಈ ಮಾತಿಗೆ ಹೋಟೆಲಿನಲ್ಲಿ ನಗು ಎದ್ದಿತು, ನಾನು ಒಂದು ವಾರ ಅದೇ ನಗುವಿನ ಮೇಲೆ ಬದುಕಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ನಮ್ಮಿಬ್ಬರ ಕೈಯಲ್ಲೂ ಒಂದೊಂದು ಮೊಲವಿತ್ತು.

ಕೊನೆಗೆ ಪಂದ್ಯವೇ ನಡೆಯಿತು. ಎರಡನ್ನೂ ಒಟ್ಟಿಗೆ ಆನ್ ಮಾಡುವುದು, ಯಾವುದು ಮೊದಲು ಏಳುತ್ತದೋ ಅದು ಗೆದ್ದಂತೆ. ಸೆವೆನ್ ಎದ್ದು ಕೂತಾಗ ನನ್ನ ಗುಡ್ಡ ಇನ್ನೂ ಕತ್ತಲಲ್ಲಿತ್ತು. ವೀರಭದ್ರಪ್ಪ ತೀರ್ಪು ಕೊಟ್ಟ: “ಮಾಸ್ತರ್, ನಿಮ್ಮದು ನನ್ನಂಗ ಐತಿ. ಏಳಾಕ ಟೈಮ್ ಬೇಕು.” ಶುಕ್ರವಾರ ನಾಲ್ಕೂ ಹಳೆಯ ಕಂಪ್ಯೂಟರುಗಳನ್ನು ಪೂರ್ತಿ ಅಳಿಸಿ ಹೊಸದನ್ನು ಹಾಕುವುದೆಂದು ತೀರ್ಮಾನವಾಯಿತು. ನಾನು ಮುಖ ಊದಿಸಿಕೊಂಡು ಒಪ್ಪಿದೆ.

ಆ ನಾಲ್ಕರೊಳಗೆ ಏನೇನಿದೆ ಎಂದು ಮಾತ್ರ ನಾನು ಒಮ್ಮೆಯೂ ನೋಡಲಿಲ್ಲ. ಎಕ್ಸ್‌ಪಿಯ ಪರವಾಗಿ ಗಂಟಲು ಹರಿದುಕೊಂಡ ಸೇನಾಪತಿ ತನ್ನ ಕೋಟೆಯೊಳಗೆ ಯಾರಿದ್ದಾರೆಂದೇ ತಿಳಿಯದವನು!

ಗುರುವಾರ ಮಧ್ಯಾಹ್ನ ಶಂಕ್ರಮ್ಮ ಬಂದಳು. ನಮ್ಮ ಸೆಂಟರಿನಲ್ಲಿ ಅರವತ್ತನೇ ವಯಸ್ಸಿಗೆ ಮೌಸು ಹಿಡಿದು ಕಲಿತ ನೇಕಾರ ಸಂಗಪ್ಪನ ಮಗಳು, ತಾನೂ ಮಗ್ಗದವಳು. ಸಂಗಪ್ಪನನ್ನು ಮರೆಯುವುದು ಸಾಧ್ಯವಿರಲಿಲ್ಲ, ಆದರೂ ನಾನು ಮರೆತಿದ್ದೆ. ದಿನಾ ಕೈಕಾಲು ತೊಳೆದುಕೊಂಡೇ ಒಳಗೆ ಬರುತ್ತಿದ್ದ. ಮೌಸನ್ನು ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಒಂದೇ ಹೊಡೆತಕ್ಕೆ ಜಾರಿಸಿ ಮೇಜಿನಿಂದ ಬೀಳಿಸುತ್ತಿದ್ದ. ನಾಲ್ಕು ತಿಂಗಳು ಕೂತು ಸೀರೆಯಂಚಿನ ಒಂದು ಗೋಪುರವನ್ನು ಬರೆದ. ನಕ್ಷೆ ಬರೆಯುವ ಒಂದು ಹಳೆಯ ಪ್ರೋಗ್ರಾಮಿನಲ್ಲಿ, ಚೌಕದ ಹಾಳೆಯ ಮೇಲೆ ಬರೆದಂತೆ, ಒಂದೊಂದೇ ಮನೆ ತುಂಬಿ. ತುಂಬಿದ ಮನೆ ಎಂದರೆ ಮಗ್ಗದಲ್ಲಿ ಮೇಲೇಳಬೇಕಾದ ಎಳೆ. ಎರಡು ವರ್ಷದ ಹಿಂದೆ ಅವನು ತೀರಿಕೊಂಡಿದ್ದ.

“ಮಾಸ್ತರ್ರೇ, ನಾಳಿಗಿ ಎಲ್ಲಾ ಅಳಿಸಿಬಿಡ್ತೀರಂತ? ಹೋಟೆಲಿನ್ಯಾಗ ಅನ್ನಾಕತ್ತಿದ್ರು. ನಮ್ಮಪ್ಪನ ಗೋಪುರ ಇದರಾಗ ಐತಲ್ರೀ.”

ಮನೆಯಲ್ಲಿದ್ದ ನಕ್ಷೆಯ ಹಾಳೆಯನ್ನು ಗೆದ್ದಲು ತಿಂದಿತ್ತು. ಗದ್ವಾಲಿನ ಒಬ್ಬ ಸೀರೆ ವ್ಯಾಪಾರಿ ‘ಸಂಗಪ್ಪನ ಗೋಪುರ’ ಎಂದು ಹೆಸರು ಹಿಡಿದೇ ಕೇಳಿದ್ದನಂತೆ. ನಾಗರಪಂಚಮಿಯೊಳಗೆ ನೆಯ್ದು ತೋರಿಸುತ್ತೇನೆ ಎಂದು ಇವಳು ಮಾತು ಕೊಟ್ಟಿದ್ದಳು. ಅಪ್ಪ ಹೋದಮೇಲೆ ಬೇರೆಯವರು ಕೊಟ್ಟ ಅಂಚುಗಳನ್ನೇ ನೆಯ್ದಿದ್ದವಳು ಮೊದಲ ಸಲ ತನ್ನ ಮನೆಯ ಅಂಚನ್ನು ಮಗ್ಗಕ್ಕೇರಿಸುವ ಮಾತು ಅದು.

ಸಂಗಪ್ಪ ಕೂರುತ್ತಿದ್ದ ಮೂರನೇ ಕಂಪ್ಯೂಟರಿನಲ್ಲಿ ಹುಡುಕಿದೆ. ಸಿಕ್ಕಿತು! ಹಸಿರು ಗುಡ್ಡದ ಮೇಲೆ ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಎದ್ದು ನಿಂತಿತು. ಸಾದಿಕ್ ಅದನ್ನು ಪೆನ್‌ಡ್ರೈವಿಗೆ ಹಾಕಿ ಸೆವೆನ್‌ನಲ್ಲಿ ತೆರೆಯಲು ನೋಡಿದ. ತೆರೆಯಲಿಲ್ಲ. ಆ ಹಳೆಯ ಪ್ರೋಗ್ರಾಮು ಹೊಸದರಲ್ಲಿ ಏಳಲೇ ಒಲ್ಲದು. “ನೋಡಿದ್ಯಾ, ಇದಕ್ಕಽ ನಾ ಹೇಳ್ತಿದ್ದೆ!” ಎಂದೆ ನಾನು, ನಾಚಿಕೆಯಿಲ್ಲದೆ. ಎಕ್ಸ್‌ಪಿಯಿಂದಲೇ ಪ್ರಿಂಟ್ ಕೊಟ್ಟೆ. ಹೊಸ ಪ್ರಿಂಟರು ಹಳೆಯ ಕಂಪ್ಯೂಟರಿನ ಗುರುತೇ ಹಿಡಿಯಲಿಲ್ಲ. ಹಳೆಯ ಪ್ರಿಂಟರು ಎಂದೋ ಗುಜರಿಗೆ ಹೋಗಿತ್ತು. “ಅಬ್ ಬೋಲೋ ಭಾಯ್! ಯಾವ್ದು ಛಲೋ ಐತಿ?” ಎಂದ ಸಾದಿಕ್. ಮತ್ತೆ ಶುರುವಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಶಂಕ್ರಮ್ಮ ಎರಡು ಮೇಜುಗಳ ನಡುವೆ ಬಂದು ನಿಂತಳು. ಆಮೇಲೆ ಹೇಳಿದಳು: “ಇಬ್ರೂ ಗೆದ್ರಿ. ನಮ್ಮಪ್ಪನ ಅಂಚು ಎಲ್ಲೈತಿ ಹೇಳ್ರಿ?”

ನಾನು ಕುರ್ಚಿ ಎಳೆದು ಕೊಟ್ಟೆ. ಅವಳು ಕೂರದೆ ಮಾತು ಮುಂದುವರಿಸಿದಳು:

“ಹಳೇ ಹಾಸು, ಅಂದ್ರ ಉದ್ದನ ಎಳಿ, ಮುಗದ್ರ ನಾವು ಮಗ್ಗದಿಂದ ಕಿತ್ತು ಒಗಿಯಾದಿಲ್ರೀ. ತುದಿ ಹಂಗಽ ಬಿಟ್ಟಿರ್ತೀವಿ. ಹೊಸಾ ಹಾಸು ತಂದು, ಹಳೇ ಎಳಿಗೆ ಹೊಸಾ ಎಳಿ, ಒಂದಕ್ಕೊಂದು ಕೆಚ್ಚತೀವಿ.” ಸೆರಗಿನ ತುದಿಯಿಂದ ಎರಡು ದಾರ ಎಳೆದು, ಕೆಚ್ಚುವಾಗ ಹಚ್ಚುವ ಬೂದಿಯಿಲ್ಲದ್ದಕ್ಕೆ ನಮ್ಮ ಕಿಟಕಿಯ ಧೂಳನ್ನೇ ಬೆರಳಿಗೆ ಹಚ್ಚಿಕೊಂಡು, ಹೊಸೆದು ತೋರಿಸಿದಳು. ಗಂಟಿಲ್ಲದೆ ಎರಡೂ ಒಂದಾದವು. “ಸಾವಿರಾರು ಎಳಿ ಇರ್ತಾವ. ಒಮ್ಮೆಲೇ ಆಗಂಗಿಲ್ಲ. ಒಂದೊಂದಽ ಮಾಡ್ಬೇಕು.”

ಒಂದೊಂದೇ. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿ ಕೀಬೋರ್ಡಿನ ಮೇಲಿನ ಸಾಲಿಗೆ ಹೋಯಿತು. ತೆರೆಯ ಮೇಲೆ ಕಂಡದ್ದನ್ನು ಹಾಗೆಯೇ ಚಿತ್ರ ಹಿಡಿಯುವ ಒಂದು ಗುಂಡಿಯಿದೆ. ನೂರಾರು ಜನಕ್ಕೆ ಮೊದಲ ವಾರದಲ್ಲೇ ಕಲಿಸಿದ್ದೇನೆ. ಕಡತ ಇಡಿಯಾಗಿ ದಾಟದಿದ್ದರೆ ಬೇಡ, ತುಂಡು ತುಂಡಾಗಿ ಚಿತ್ರವಾಗಿ ದಾಟಲಿ! ಗೋಪುರದ ಬುಡದಿಂದ ಹಿಡಿದು ಒಂದೊಂದೇ ತುಂಡು ಹಿಡಿದೆ, ಹದಿನಾಲ್ಕು ತುಂಡಾಯಿತು. ಸಾದಿಕ್ ಪೆನ್‌ಡ್ರೈವ್ ಹಿಡಿದು ಎರಡು ಮೇಜುಗಳ ನಡುವೆ ಓಡಾಡಿದ. ಸೆವೆನ್‌ನಲ್ಲಿ ಒಂದು ತುಂಡಿನ ಅಂಚಿಗೆ ಇನ್ನೊಂದನ್ನು ಮನೆಗೆ ಮನೆ ಕೂಡಿಸುತ್ತ ಕೂತ. ಶಂಕ್ರಮ್ಮ ಅವನ ಹಿಂದೆ ನಿಂತು “ಮ್ಯಾಲ, ಇನ್ನೊಂದೀಟು ಮ್ಯಾಲ” ಎನ್ನುತ್ತಿದ್ದಳು. ಚಹಾ ತಂದ ವೀರಭದ್ರಪ್ಪ “ಏಮಯಿಂದಯ್ಯಾ?” ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳಿದವನು ಉತ್ತರಕ್ಕೂ ಕಾಯದೆ ಅಲ್ಲೇ ನಿಂತುಬಿಟ್ಟ.

ಹನ್ನೊಂದನೇ ಮೆಟ್ಟಿಲಿಗೆ ಸಾದಿಕ್ ತಡೆದ. “ಇಲ್ಲಿ ಒಂದು ಮನಿ ಕಡಿಮಿ ಐತಿ. ನೀ ತಪ್ಪು ಹಿಡಿದೀ.” ನಾನು ತಪ್ಪು ಹಿಡಿದಿಲ್ಲ, ನೀನೇ ತಪ್ಪು ಕೂಡಿಸಿದೆ ಎಂದೆ. ಇನ್ನೇನು ಮೂರನೇ ಮಹಾಯುದ್ಧ ಆಗಬೇಕು, ಅಷ್ಟರಲ್ಲಿ ಶಂಕ್ರಮ್ಮ ಜೋರಾಗಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

“ಸರಿ ಮಾಡಬ್ಯಾಡ್ರಿ ಅಣ್ಣಾರೇ. ಅದು ನಮ್ಮಪ್ಪಂದಽ. ಎಲ್ಲಾ ಬರೋಬರ್ ಇದ್ರ ದಿಟ್ಟಿ ಆಗತೈತಿ ಅಂತ ಬೇಕಂತಽ ಒಂದು ಮನಿ ಬಿಡ್ತಿದ್ದ.”

ಹಾಳೆಗಳು ಒಂದೊಂದಾಗಿ ಪ್ರಿಂಟರಿನಿಂದ ಹೊರಬಂದಾಗ ನಮ್ಮಿಬ್ಬರಿಗೂ ಯಾವ ಕಂಪ್ಯೂಟರು ಮೇಲು ಎಂಬುದು ನೆನಪೇ ಇರಲಿಲ್ಲ. ಸಾದಿಕ್ ನನ್ನ ಬೆನ್ನಿಗೆ ಹೊಡೆದ ಏಟಿಗೆ ನನ್ನ ಕನ್ನಡಕ ಹಾರಿಬಿತ್ತು. ಅಷ್ಟು ಸಂತೋಷವನ್ನು ನಾನು ಆ ಸೆಂಟರಿನಲ್ಲಿ ಮತ್ತೆಂದೂ ಪಟ್ಟಿಲ್ಲ.

ಪಂಚಮಿಗೆ ಇನ್ನೂ ಮೂರು ದಿನವಿರುವಾಗಲೇ ಸೀರೆ ಮಗ್ಗದಿಂದ ಇಳಿಯಿತು. ಗದ್ವಾಲಿಗೆ ಒಯ್ಯುವ ಮೊದಲು ಶಂಕ್ರಮ್ಮ ಅದನ್ನು ನಮ್ಮಲ್ಲಿಗೆ ತಂದಳು. ಗಂಜಿಯ ವಾಸನೆಯ ಕೆಂಪು ಸೀರೆಯನ್ನು ಬಿಚ್ಚಿ, ಒಂದು ತುದಿ ಹಳೆಯ ಕಂಪ್ಯೂಟರಿನ ಮೇಲೆ, ಸೆರಗು ಹೊಸದರ ಮೇಲೆ ಹಾಸಿದಳು. ನಡುವೆ ಗೋಪುರಗಳ ಸಾಲು. ವೀರಭದ್ರಪ್ಪ ಹಳೆಯ ತೀರ್ಪನ್ನು ರದ್ದು ಮಾಡಿದ: “ಸೀರಿ ಗೆದ್ದೈತಿ!” ಗದ್ವಾಲಿನ ವ್ಯಾಪಾರಿಯೂ ಅದನ್ನೇ ಹೇಳಿರಬೇಕು. ಇವತ್ತಿಗೂ ಶಂಕ್ರಮ್ಮನ ಮನೆಯ ಎರಡು ಮಗ್ಗಗಳ ಮೇಲೆ ಆ ಅಂಚೇ ಓಡುತ್ತದೆ.

ಎಕ್ಸ್‌ಪಿ ಹೋಯಿತು, ಸೆವೆನ್ನೂ ಹೋಯಿತು, ಆಮೇಲೆ ಬಂದವೂ ಹೋದವು. ಯಾವುದು ಮೇಲು ಎಂದು ಕೇಳಿದರೆ ಈಗಲೂ ಅರ್ಧ ದಿನ ವಾದ ಮಾಡಬಲ್ಲೆ, ಚಟ ಬಿಟ್ಟಿಲ್ಲ. ಆದರೆ ಹೊಸದು ಬಾಗಿಲಿಗೆ ಬಂದಾಗ ಮೊದಲು ಮಾಡುವ ಕೆಲಸ ಬೇರೆ. ಇವತ್ತೂ ಅದನ್ನೇ ಮಾಡಿದೆ. ಅಂದು ನಾವು ಕೂಡಿಸಿದ ‘ಸಂಗಪ್ಪ’ ಎಂಬ ಚಿತ್ರವನ್ನು ತೆರೆದು ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದೆ. ಆ ಪ್ರತಿಯಲ್ಲಿ ಬುಡದಿಂದ ಬೆರಳಿಟ್ಟು ಎಣಿಸುತ್ತ ಮೇಲೆ ಹೋದೆ. ಹನ್ನೊಂದನೇ ಮೆಟ್ಟಿಲಿನಲ್ಲಿ ಒಂದು ಮನೆ ಕಡಿಮೆಯಿತ್ತು. ಎಲ್ಲ ಸರಿಯಿದೆ ಎಂದುಕೊಂಡು ‘ಹೌದು’ ಒತ್ತಿದೆ.