ಹೊರದೇಶದ ಮದುವೆಗೆ ಗಂಟು ಕಟ್ಟುವ ಪೆಟ್ಟಿಗೆಯಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಓಣಿಯ ಕೊನೆಯ ಅಂಗಡಿಯ ಷಟರ್ ಸೊಂಟದೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಹೊಕ್ಕರೆ, ಸಿಮೆಂಟು ನೆಲದ ಮೇಲೆ ಮಂಡಿಯೂರಿ ಕೂತ ಹೆಂಗಸೊಬ್ಬರು ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಚೌಕ ಎಳೆಯುತ್ತಿದ್ದಾರೆ. ಒಂದು ಚೌಕ ವಧುವಿನ ಅಪ್ಪನಿಗೆ, ಒಂದು ಸೋದರತ್ತೆಗೆ, ಪಕ್ಕದ್ದು ವರನ ಗೆಳೆಯನಿಗೆ. ಗೆಳೆಯನ ಚೌಕದೊಳಗೆ ಮೇಜಿನ ಹಾಸುಬಟ್ಟೆಗಳು, ತಟ್ಟೆಗಳ ಕಟ್ಟು, ಒಂದು ಸಣ್ಣ ಸ್ಪೀಕರ್. ಸೋದರತ್ತೆಯದರಲ್ಲಿ ಬಟ್ಟೆಯ ಹೂವು, ಮಡಚಿಟ್ಟ ಕಾಗದದ ದೀಪಗಳು, ಇಷ್ಟೇ.

"ಅತ್ತೆಗೆ ಸೊಂಟನೋವು, ಅವರಿಗೆ ಹಗುರದ್ದು. ಗೆಳೆಯ ಗಟ್ಟಿಮುಟ್ಟಾಗಿದ್ದಾನಂತೆ. ಅದಕ್ಕೇ ಭಾರದ್ದೆಲ್ಲ ಅವನ ತಲೆಗೆ ಕಟ್ಟಿದ್ದೀನಿ" ಎಂದು ಹೇಳುತ್ತಲೇ ಅವರು ಕೊಕ್ಕೆಯ ತಕ್ಕಡಿಗೆ ಒಂದು ಚೀಲ ಸಿಕ್ಕಿಸಿ ಎತ್ತುತ್ತಾರೆ. ಮುಳ್ಳು ಎಲ್ಲಿ ನಿಂತಿತೋ ನೋಡಿ ಹುಬ್ಬು ಗಂಟಿಕ್ಕುತ್ತಾರೆ. ಚೀಲ ಬಿಚ್ಚಿ ಒಂದು ಜೊತೆ ಚಪ್ಪಲಿ ಹೊರಗಿಡುತ್ತಾರೆ.

ಓಣಿಯವರಿಗೆಲ್ಲ ಇವರು ಪೆಟ್ಟಿಗೆಯಕ್ಕ. ಹೊರದೇಶದಲ್ಲಿ ಮದುವೆ ಮಾಡಿಕೊಳ್ಳಲು ಹೊರಟವರ ಇಡೀ ಮದುವೆಯನ್ನು, ಹೋಗುವ ನೆಂಟರಿಷ್ಟರ ಸೂಟ್‌ಕೇಸುಗಳಲ್ಲಿ ಹಂಚಿ, ತುಂಬಿ, ಬೀಗ ಹಾಕಿ ಕಳಿಸುವುದು ಇವರ ಕಸುಬು. ಅಲ್ಲಿ ಬಾಡಿಗೆಗೆ ಸಿಗುವುದು ಒಂದು ಮನೆ, ಅದರ ಅಂಗಳ, ನಾಲ್ಕು ಕುರ್ಚಿ. ಉಳಿದದ್ದನ್ನೆಲ್ಲ ಅಲ್ಲೇ ಕೊಳ್ಳಲು ಹೋದರೆ ಮದುವೆ ಕೈಸುಡುತ್ತದೆ. ಅದಕ್ಕೇ ಇಲ್ಲಿಂದ ಹೊರುವುದು.

ಹೊರದೇಶದ ಮದುವೆ ಎಂದರೆ ಉಳ್ಳವರ ಶೋಕಿ ಎಂದುಕೊಳ್ಳುವವರೇ ಹೆಚ್ಚು. ಅಕ್ಕನ ಅಂಗಡಿಗೆ ಬರುವವರು ಆ ಪೈಕಿ ಅಲ್ಲ. ಊರಿಗೆಲ್ಲ ಊಟ ಹಾಕುವ ಬದಲು ಹತ್ತು ಜನ ಹೋಗಿಬಂದರೆ ಅಗ್ಗ ಎಂದು ಲೆಕ್ಕ ಹಾಕಿದವರು, ಎರಡು ಮನೆಯವರು ಮುಖ ಕೊಟ್ಟು ಮಾತಾಡದ ಕಾರಣಕ್ಕೆ ದೂರ ಹೋಗುವವರು, ವರನಿಗೋ ವಧುವಿಗೋ ರಜೆ ಸಿಗದೆ ಅವರಿದ್ದಲ್ಲಿಗೇ ಮದುವೆಯನ್ನು ಹೊತ್ತೊಯ್ಯುವವರು. ಬಂದವರನ್ನು ಅಕ್ಕ ಮೊದಲು ಕೇಳುವುದು ಯಾರು ಯಾರು ಹೋಗುತ್ತಾರೆ ಎಂದಲ್ಲ, ಯಾರು ಕೊನೇ ಗಳಿಗೆಯಲ್ಲಿ ಕೈಕೊಡಬಹುದು ಎಂದು. "ಒಬ್ರಾದ್ರೂ ಕೈಕೊಡ್ತಾರೆ. ಅವರ ಪೆಟ್ಟಿಗೇಲಿ ಉಂಗುರ ಇಡಬಾರದು" ಎನ್ನುತ್ತಾರೆ. ಟಿಕೆಟ್ಟು, ವೀಸಾ, ಕಾಗದಪತ್ರಗಳ ಬಗ್ಗೆ ಕೇಳಿದರೆ ಕೈಯಾಡಿಸಿ ಮೂಲೆಯ ಟ್ರಾವೆಲ್ ಅಂಗಡಿ ತೋರಿಸುತ್ತಾರೆ. "ಅದೆಲ್ಲ ನನಗೆ ತಲೆಬುಡ ಗೊತ್ತಿಲ್ಲಪ್ಪ."

ಅಂಗಡಿ ಮೊದಲು ಅಕ್ಕನ ಗಂಡನದಾಗಿತ್ತು. ಸೂಟ್‌ಕೇಸಿನ ಚಕ್ರ, ಹಿಡಿಕೆ, ಜಿಪ್ ರಿಪೇರಿ. ಒಂದು ಬೆಳಿಗ್ಗೆ ಜಿಪ್ ಎಳೆಯುತ್ತಿದ್ದ ಬಲಗೈ ಹಾಗೇ ನಿಂತಿತು. ಮಾತೂ ಅದರ ಜೊತೆಗೇ ಹೋಯಿತು. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಗಿಲ ನೇರಕ್ಕೆ ಹಾಕಿದ ಮಂಚದಲ್ಲಿ ಅವರು ಮಲಗಿರುತ್ತಾರೆ. ರಿಪೇರಿ ಕೆಲಸವನ್ನು ಅಕ್ಕ ಒಂದೊಂದಾಗಿ ಕಲಿತರು. ಒಮ್ಮೆ ಜಿಪ್ ಹಾಕಿಸಲು ಬಂದ ಹುಡುಗಿಯೊಬ್ಬಳು, ಮದುವೆಯ ಸಾಮಾನೆಲ್ಲ ಇದರಲ್ಲಿ ಹಿಡಿಯುತ್ತಲೇ ಇಲ್ಲ ಎಂದು ಅಂಗಡಿಯಲ್ಲೇ ಅತ್ತಳಂತೆ. ಅಕ್ಕ ಹಿಡಿಸಿಕೊಟ್ಟರು. ಬಾಯಿಂದ ಬಾಯಿಗೆ ಸುದ್ದಿ ಹೋಯಿತು.

ತಪ್ಪುಗಳೂ ಆಗಿವೆ. ಶುರುವಿನಲ್ಲಿ ವಧುವಿನ ಬಟ್ಟೆಯೆಲ್ಲ ಒಂದೇ ಪೆಟ್ಟಿಗೆಗೆ ತುಂಬಿದ್ದರು. ವಿಮಾನ ಇಳಿದಾಗ ಅದೊಂದೇ ಬಂದಿರಲಿಲ್ಲ. ಆ ಹುಡುಗಿ ಪ್ರಯಾಣದ ಬಟ್ಟೆಯಲ್ಲೇ ಮದುವೆಯಾದಳು. "ಬಂದು ಬೈದಿದ್ರೆ ಸಮಾಧಾನ ಆಗ್ತಿತ್ತು. ಬೈಲೇ ಇಲ್ಲ" ಎನ್ನುತ್ತಾರೆ.

ಆದರೆ ಅಕ್ಕನ ಮಾತು ಸುತ್ತಿ ಬಳಸಿ ಬಂದು ನಿಲ್ಲುವುದು ಹೋದ ವರ್ಷದ ಒಂದು ಮದುವೆಯಲ್ಲಿ.

ವಧು ಆಸ್ಪತ್ರೆಯ ಮಕ್ಕಳ ವಾರ್ಡಿನ ನರ್ಸ್. ವರ ಸರಕು ಹಡಗಿನಲ್ಲಿ ಅಡುಗೆಯವನು. ಊರಿಗೆ ಬಂದರೆ ಕೆಲಸ ಹೋಗುತ್ತದೆ. ಹಡಗು ಹೊರದೇಶದ ಒಂದು ಬಂದರಿನಲ್ಲಿ ಮೂರು ದಿನ ನಿಲ್ಲುತ್ತದೆ, ಅಲ್ಲೇ ಮದುವೆ ಎಂದು ನಿಶ್ಚಯವಾಯಿತು. ನರ್ಸಿಗೆ ತಾಯಿಯಿಲ್ಲ. ಅಪ್ಪ ನಿವೃತ್ತ ಬಸ್ ಡ್ರೈವರ್. ಅಕ್ಕನ ನೆಲದ ಮೇಲಿನ ಚೌಕಗಳನ್ನು ಕಂಡು ಅವರಿಗೆ ಖುಷಿಯೋ ಖುಷಿ. "ಬಸ್ಸಿನ ಡಿಕ್ಕಿ ಹೊಂದಿಸಿದ ಹಾಗೇ ಇದೆಯಲ್ಲ ತಂಗೀ! ಭಾರದ್ದು ನನಗೆ ಕೊಡು. ಜೀವಮಾನವೆಲ್ಲ ಊರ ಜನರ ಗಂಟುಮೂಟೆ ಹೊತ್ತಿದ್ದೀನಿ, ಮಗಳದ್ದು ಹೊರೋದಿಲ್ವಾ?" ಎಂದರಂತೆ.

ಹತ್ತು ಜನ, ಹತ್ತು ಪೆಟ್ಟಿಗೆ. ಯಾರೂ ಕೈಕೊಡಲಿಲ್ಲ. ಕೈಕೊಟ್ಟದ್ದು ಸಮುದ್ರ. ಇವರೆಲ್ಲ ಬಾಡಿಗೆ ಮನೆ ಸೇರಿ ದೀಪ ಕಟ್ಟಲು ಏಣಿ ಕೇಳುತ್ತಿರುವಾಗ ವರನ ಫೋನು ಬಂತು. ಬಿರುಗಾಳಿ. ಹಡಗು ಬೇರೆ ದಿಕ್ಕಿಗೆ ತಿರುಗಿದೆ, ಆ ಬಂದರಿಗೆ ಬರುವುದಿಲ್ಲ. ಆದರೂ ಕಾದರು. ಬೆಳಗಾದರೆ ಡ್ರೈವರ್ ಹೋಗಿ ಹಡಗು ನಿಲ್ಲುವ ಖಾಲಿ ಧಕ್ಕೆಯನ್ನು ನೋಡಿ ಬರುತ್ತಿದ್ದರು. ಮನೆಯೊಡತಿ ಮರುಗಿ ಒಂದು ದಿನ ಹೆಚ್ಚಿಗೆ ಇರಲು ಬಿಟ್ಟಳು. ಆಮೇಲೆ ಹೋದ ಹಾಗೇ ವಾಪಸು ಬಂದರು.

ವಿಮಾನ ನಿಲ್ದಾಣದಿಂದ ಡ್ರೈವರ್ ಪೆಟ್ಟಿಗೆಗಳನ್ನು ಮನೆಗೊಯ್ಯಲಿಲ್ಲ, ನೇರ ಅಂಗಡಿಗೆ ತಂದಿಳಿಸಿದರು. "ಮನೇಲಿದ್ರೆ ಇವಳು ಅವುಗಳ ಮುಖ ನೋಡ್ತಾ ಕೂರ್ತಾಳೆ. ಇಲ್ಲೇ ಇರ್ಲಿ ತಂಗೀ, ಇನ್ನೊಂದು ದಿನ ಗೊತ್ತಾಗೋವರೆಗೆ."

ಅಕ್ಕ ಪೆಟ್ಟಿಗೆಗಳನ್ನು ಒಳಗೆಳೆದುಕೊಂಡರು. ಆದರೆ ಅಂಗಡಿಯ ಹಿಂಗೋಡೆಗೆ ವರ್ಷವಿಡೀ ತೇವ. ಮಡಚಿದ ಬಟ್ಟೆಯನ್ನು ಹಾಗೇ ಬಿಟ್ಟರೆ ಬೂಷ್ಟು ಹತ್ತುತ್ತದೆ, ಮಡಿಕೆಯ ಗೆರೆಯಲ್ಲೇ ನೂಲು ಸೀಳುತ್ತದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಮದುವೆಯನ್ನು ಪೂರ್ತಿ ಬಿಚ್ಚಿ, ಫ್ಯಾನಿನ ಗಾಳಿಗೆ ಹರಡಿ, ಬೇರೆ ಗೆರೆಯಲ್ಲಿ ಮಡಚಿ ಮತ್ತೆ ತುಂಬತೊಡಗಿದರು. ನರ್ಸಿನ ಮದುವೆ ಉಡುಪು ಅಗಲ ನೆರಿಗೆಯ, ನೆಲ ಗುಡಿಸುವಷ್ಟು ಉದ್ದದ್ದು. ಒಬ್ಬರ ಕೈಗೆ ಮಣಿಯುವಂಥದ್ದಲ್ಲ. ಇನ್ನೊಂದು ತುದಿ ಹಿಡಿಯಲು ಡ್ರೈವರ್ ಬರತೊಡಗಿದರು. "ಸ್ಟೇರಿಂಗ್ ಹಿಡಿದ ಕೈ, ಈಗ ಮಗಳ ನೆರಿಗೆ ಹಿಡೀತಿದೆ ನೋಡು" ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ಮಡಚಿ ಮುಗಿದ ಮೇಲೆ ಅಕ್ಕನ ಗಂಡನ ಮಂಚದ ಪಕ್ಕ ಕೂತು, ಮಾತು ಬಾರದ ಅವರ ಪಾಲಿನದನ್ನೂ ಸೇರಿಸಿ ತಾವೇ ಮಾತಾಡುತ್ತಿದ್ದರು.

ತಿಂಗಳುಗಳು ಕಳೆದವು. ಡ್ರೈವರ್ ಬರುವುದು ಕಡಿಮೆಯಾಯಿತು. ಬಂದಾಗ ಕಾಲು ಊದಿರುತ್ತಿತ್ತು, ಮುಖ ಬಣ್ಣಗೆಟ್ಟಿರುತ್ತಿತ್ತು. ಎರಡೂ ಕಿಡ್ನಿ ಕೆಲಸ ನಿಲ್ಲಿಸುತ್ತಿವೆ ಎಂದರು ವೈದ್ಯರು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕಾಯಿತು. ಸರಿಯಾಗಿ ಆಗಲೇ ವರನಿಂದ ಸುದ್ದಿ ಬಂತು. ಹಡಗು ಇನ್ನೊಂದು ಬಂದರಿಗೆ ಬರುತ್ತದೆ. ಈ ಸಲ ಮೂರು ದಿನವಲ್ಲ, ಸರಕು ಇಳಿಸುವಷ್ಟು ಹೊತ್ತು. ಅವನಿಗೆ ಸಿಗುವುದು ಅರ್ಧ ದಿನ.

ಅಪ್ಪ-ಮಗಳ ಜಗಳ ನಡೆದದ್ದು ಅಂಗಡಿಯಲ್ಲೇ, ಅಕ್ಕನ ಕಣ್ಣೆದುರೇ.

"ಈ ಸಲ ಬೇಡ ಅಪ್ಪ. ನೀನು ಸುಧಾರಿಸ್ಕೊಂಡ ಮೇಲೆ ನೋಡೋಣ" ಎಂದಳು ಮಗಳು.

"ನೀನು ನರ್ಸು. ನಾನು ಸುಧಾರಿಸಲ್ಲ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನನ್ನ ಮುಂದೆ ನಾಟಕ ಆಡ್ಬೇಡ."

ಅವಳು ಗೋಡೆಗೆ ಮುಖ ಮಾಡಿ ನಿಂತಳು. ಡ್ರೈವರ್ ಉಸಿರು ಎಳೆದುಕೊಂಡು, ಸ್ವರ ತಗ್ಗಿಸಿ, "ಹೋಗು ಮಗಳೇ. ನನಗೆ ಕಾಯೋಕಾಗಲ್ಲ, ಅವನ ಹಡಗಿಗೂ ಆಗಲ್ಲ" ಎಂದರು.

ಅವಳ ಜೊತೆ ಹೊರಡಲು ಉಳಿದದ್ದು ಚಿಕ್ಕಮ್ಮ ಒಬ್ಬರೇ. ಮಿಕ್ಕವರಿಗೆ ಎರಡನೇ ಸಲದ ಶಕ್ತಿಯಿರಲಿಲ್ಲ. ಮಗಳು ಆಚೆ ಹೋದ ಮೇಲೆ ಡ್ರೈವರ್ ಅಕ್ಕನ ಕಡೆ ತಿರುಗಿದರು. "ನನ್ನ ಬದಲು ನೀನು ಹೋಗಿ ಬಾ ತಂಗೀ. ಖರ್ಚು ನನ್ನದು. ನಾನು ನೋಡ್ಬೇಕಾದ್ದು ನೀನು ನೋಡ್ಕೊಂಡು ಬಂದು ಹೇಳು." ಅಕ್ಕ ಆಗ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮರುವಾರ, ಗೋಡೆ ಹಿಡಿದು ಬಚ್ಚಲಿಗೆ ಹೋಗಿದ್ದ ಅಕ್ಕನ ಗಂಡ ಬಿದ್ದರು. ತೊಡೆಯ ಮೂಳೆ ಮುರಿಯಿತು. ಮಗ್ಗುಲು ಬದಲಿಸಬೇಕಾದರೂ ಅಕ್ಕನೇ ಬೇಕು. ಮತ್ತೆ ಆ ಮಾತು ಯಾರೂ ಎತ್ತಲಿಲ್ಲ.

ಹತ್ತು ಪೆಟ್ಟಿಗೆಯ ಮದುವೆಯನ್ನು ಎರಡಕ್ಕೆ ಇಳಿಸಬೇಕಾಯಿತು. ದೀಪಗಳು ಹೋದವು. ಹಾಸುಬಟ್ಟೆ, ತಟ್ಟೆ, ಹೂವಿನ ಸರ ಹೋದವು. ಉಡುಪೂ ಬೇಡ, ದಿನದ ಬಟ್ಟೆ ಸಾಕು ಎಂದು ನರ್ಸ್ ಹಟ ಹಿಡಿದಳು. ಡ್ರೈವರ್ ಒಪ್ಪಲಿಲ್ಲ. ಡಯಾಲಿಸಿಸ್ ಮುಗಿಸಿ, ತೋಳಿಗೆ ಪಟ್ಟಿ ಕಟ್ಟಿಕೊಂಡೇ ಬಂದು, ಅಕ್ಕನ ಜೊತೆ ನಿಂತು ಉಡುಪನ್ನು ಕೊನೆಯ ಸಲ ಮಡಚಿದರು. ನಡುವೆ ಎರಡು ಸಲ ಕುರ್ಚಿ ಬೇಕಾಯಿತು.

ಮದುವೆಯ ದಿನ ಮಧ್ಯಾಹ್ನ ಅಕ್ಕ ಗಿರಾಕಿಗಳು ಬಾರದಂತೆ ಷಟರ್ ಇಳಿಸಿದರು. ಫೋನನ್ನು ಒಂದು ಸೂಟ್‌ಕೇಸಿಗೆ ಒರಗಿಸಿ ಮಂಚದ ಕಾಲ್ದೆಸೆಗೆ ಇಟ್ಟರು. ಡ್ರೈವರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಫೋನಿನಲ್ಲಿ ಬಂದರು ಕಚೇರಿಯ ಒಂದು ಕೋಣೆ ಕಂಡಿತು. ಬಿಳಿ ಟ್ಯೂಬ್‌ಲೈಟು, ಗೋಡೆಗೆ ಹಡಗುಗಳ ಪಟ್ಟಿ, ಚಿಕ್ಕಮ್ಮನ ಹೆಗಲು. ವರನ ಕೂದಲು ಇನ್ನೂ ಒದ್ದೆಯಿತ್ತು, ಅಡುಗೆಮನೆಯಿಂದ ನೇರ ಬಂದಿದ್ದ. ನರ್ಸ್ ಬಾಗಿಲಲ್ಲಿ ಕಾಣಿಸಿಕೊಂಡಳು, ಫೋನಿನ ಕಡೆ ತಲೆಯೆತ್ತಿದಳು. ಚಿತ್ರ ಅಲ್ಲೇ ನಿಂತಿತು. ಅವಳ ಕಣ್ಣು ಅರ್ಧ ಮುಚ್ಚಿತ್ತು. ಆಮೇಲೆ ಅದೂ ಹೋಗಿ ಪರದೆ ಕಪ್ಪಾಯಿತು.

ಮತ್ತೆ ಮತ್ತೆ ಮಾಡಿದರು. ಸಿಗಲಿಲ್ಲ. ಡ್ರೈವರ್ ಗಡಿಯಾರ ನೋಡಿಕೊಂಡರು.

"ಆಗಿರುತ್ತೆ ಅಲ್ವಾ ತಂಗೀ, ಇಷ್ಟೊತ್ತಿಗೆ?"

"ಆಗಿರುತ್ತೆ ಅಣ್ಣ."

ಆಗ ಅಕ್ಕನ ಗಂಡ ಎಡಗೈಯೆತ್ತಿ ಮಂಚದ ಪಟ್ಟಿಗೆ ತಟ್ಟಿದರು. ಒಂದಾದ ಮೇಲೊಂದು, ನಿಲ್ಲಿಸದೆ. ನೀರು ಬೇಕೇನೋ ಎಂದು ಅಕ್ಕ ಎದ್ದರು. ಡ್ರೈವರ್‌ಗೆ ಮೊದಲು ಅರ್ಥವಾಯಿತು. ಅವರೂ ಚಪ್ಪಾಳೆ ತಟ್ಟತೊಡಗಿದರು. "ನಾನು ಅಂಗಡಿ ಕಡೆ ಹೋಗಿಬಿಟ್ಟೆ. ನನ್ನ ಕೈಲಿ ಆಗ್ಲಿಲ್ಲ" ಎನ್ನುತ್ತಾರೆ ಅಕ್ಕ.

ಫೋಟೊಗಳು ಮರುದಿನ ಬಂದವು. ಡ್ರೈವರ್ ಆಮೇಲೆ ಬದುಕಿದ್ದು ಎರಡು ತಿಂಗಳು.

ವರನಿಗೆ ಈಗ ಅದೇ ಬಂದರಿನ ಕ್ಯಾಂಟೀನಿನಲ್ಲಿ ನೆಲದ ಮೇಲಿನ ಕೆಲಸ ಸಿಕ್ಕಿದೆ. ಅಲ್ಲಿಗೆ ಹೊರಟ ನರ್ಸ್ ಮೊನ್ನೆ ತನ್ನ ಸಂಸಾರವನ್ನೆಲ್ಲ ಎರಡು ಪೆಟ್ಟಿಗೆಗೆ ಇಳಿಸಿಕೊಡಿ ಎಂದು ಬಂದಿದ್ದಳು. ಪಾತ್ರೆ ಬೇಡ, ಪುಸ್ತಕ ಬೇಡ, ಕಂಬಳಿ ಒಂದು ಸಾಕು ಎಂದು ಅಕ್ಕ ಎಂದಿನಂತೆ ತೆಗೆದು ತೆಗೆದು ಆಚೆಗಿಟ್ಟರು. ಕೊನೆಗೆ ಉಳಿದದ್ದು ಅಪ್ಪನ ಡ್ರೈವರ್ ಕೋಟು. ಮೊಣಕೈಯಲ್ಲಿ ಸವೆದದ್ದು, ಒದ್ದೆ ಹೊದಿಕೆಯಷ್ಟು ಭಾರದ್ದು.

"ಇದು ನಿಮ್ಮ ಹತ್ರಾನೇ ಇರ್ಲಿ ಅಕ್ಕ. ತೂಕ ಜಾಸ್ತಿಯಾಗುತ್ತೆ."

"ಇದು ಗೋದಾಮಲ್ಲಮ್ಮ" ಎಂದರು ಅಕ್ಕ, ಸ್ವಲ್ಪ ಗಡುಸಾಗಿಯೇ. ತುಂಬಿದ್ದ ಪೆಟ್ಟಿಗೆ ಮತ್ತೆ ಬಿಚ್ಚಿದರು. ಕಂಬಳಿಯನ್ನು ಹೊರಗೆಳೆದರು, ಎರಡು ಜೊತೆ ಬೂಟು ಎಳೆದರು. ಕೋಟನ್ನು ಮಡಚಲಿಲ್ಲ, ತೋಳುಗಳನ್ನು ಒಳಕ್ಕೆ ಸೇರಿಸಿ, ಮಲಗಿಸುವ ಹಾಗೆ ಇಟ್ಟು ಮುಚ್ಚಿದರು. ಹುಡುಗಿ ಅಳುತ್ತ ನಿಂತಿದ್ದಳು. ಅಕ್ಕ ಜಿಪ್ ಸರಿಯಿದೆಯೇ ಎಂದು ಎರಡು ಸಲ ಎಳೆದು ನೋಡಿದರು, ಅಷ್ಟೇ.

ಇಷ್ಟು ಮದುವೆ ಕಟ್ಟಿ ಕಳಿಸಿದ ಅಕ್ಕ ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿಲ್ಲ. ಬೇಸರವೇ ಎಂದರೆ, "ಬಾಯಿಮಾತಿಗೆ ಎಲ್ಲರೂ ಕರೀತಾರೆ. ನಿಜವಾಗಿ ಕರೆದಿದ್ದು ಆ ಡ್ರೈವರ್ ಅಣ್ಣ ಒಬ್ರೇ" ಎನ್ನುತ್ತಾರೆ. ಹಿಂದಿನ ಕೋಣೆಯಿಂದ ಮಂಚದ ಸದ್ದು ಬರುತ್ತದೆ. ಎದ್ದು ಹೋಗಿ, ಗಂಡನ ತಲೆದಿಂಬು ಸರಿಪಡಿಸಿ ಬರುತ್ತಾರೆ.

ಪತ್ರಿಕೆಯ ಪುರವಣಿಗೆಂದು ಫೋಟೊ ತೆಗೆಯಬಹುದೇ ಎಂದಾಗ ಅಕ್ಕ ಸೆರಗಿನ ಸುಣ್ಣದ ಧೂಳು ನೋಡಿಕೊಂಡು, ಬೇಡವೇ ಬೇಡ ಎನ್ನುತ್ತಾರೆ. ಆಮೇಲೆ ಏನೋ ನೆನಪಾಗಿ, ಗಲ್ಲಾ ಡಬ್ಬಿಯ ತಳದಿಂದ ಒಂದು ಪುಟ್ಟ ಫೋಟೊ ತೆಗೆದುಕೊಡುತ್ತಾರೆ. ಬಿಳಿ ಹಿನ್ನೆಲೆ, ಬಾಚಿ ಬಿಗಿದ ಕೂದಲು, ನೆಟ್ಟ ನೋಟ. ಹೋಗಿ ಬಾ ಎಂದು ಡ್ರೈವರ್ ಕೇಳಿದ ಮಾರನೆಯ ದಿನವೇ, ಯಾರಿಗೂ ಹೇಳದೆ, ಪಾಸ್‌ಪೋರ್ಟಿಗೆಂದು ತೆಗೆಸಿದ್ದಂತೆ.

"ಇದನ್ನೇ ಹಾಕ್ಕೊಳ್ಳಿ. ಸ್ವಲ್ಪ ಸಿಟ್ಟಿನ ಹಾಗೆ ಕಾಣುತ್ತೆ. ನಗಬಾರದು ಅಂದ್ರು ಸ್ಟುಡಿಯೋದವರು. ಆವತ್ತು ನಗು ತಡೆಯೋದೇ ಕಷ್ಟ ಆಗಿತ್ತು ನನಗೆ."