ಗುರುಗಳು ಕುದುರೆ ತೆಗೆದ ದಿನ

ನನಗೆ ಚೆಸ್ ಕಲಿಸಿದವರು ಮಲ್ಕಾಜ್‌ಗಿರಿಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು; ರಾಯಚೂರು ಕಡೆಯವರು. ಅವರಿಗೆ ನೂರು ವರ್ಷದ ಹಿಂದಿನ ಯುರೋಪಿನ ಆಟಗಾರನೊಬ್ಬನೇ ದೇವರು. ಹಲಗೆಯ ನಡುಮನೆಗಳನ್ನು ಕಾಲಾಳುಗಳಿಂದಲೇ ತುಂಬಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ದೂರ ನಿಂತ ಒಂಟೆ, ಕುದುರೆಗಳ ಬಲದಿಂದಲೇ ಆ ಮನೆಗಳನ್ನು ಹಿಡಿತದಲ್ಲಿಡಬಹುದೆಂದು ತೋರಿಸಿದವನು ಆತ. ಮೊದಲು ನಕ್ಕವರೇ ಆಮೇಲೆ ಅವನ ದಾರಿ ಹಿಡಿದರು. ಇವತ್ತು ನಾವು ಆಡುವ ಎಷ್ಟೋ ಆರಂಭಗಳಲ್ಲಿ ಅವನ ವಿಚಾರವೇ ಇದೆ.

“ನಿನ್ನ ಆಸೆ ಆಮ್ಯಾಲ, ತಮ್ಮಾ. ಮೊದಲ ಎದುರಿನವ ಏನ್ ಮಾಡಾಕತ್ತಾನ ನೋಡು, ಅದನ್ನ ತಡಿ. ಮುಂದ ಬರೋ ಕಾಲಾಳಿನ ಎದಿರಿಗೆ ಕುದುರಿ ನಿಲ್ಲಸು,” ಎನ್ನುತ್ತಿದ್ದರು ಗುರುಗಳು.

ನಮ್ಮ ಚೆಸ್ ಸಂಘದ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಅವರೇ ನನಗೆ ಎದುರಾದರು. ನನ್ನ ಕಾಲಾಳಿನ ಮುಂದೆ ಅವರ ಕುದುರೆ ಬಂದು ನಿಂತಿತು. ಹಿಂದಿದ್ದ ನನ್ನ ಆನೆಗೆ ಉಸಿರಾಡಲೂ ಜಾಗವಿಲ್ಲ. ಆದರೂ ನನ್ನ ರಾಜ ಭದ್ರವಾಗಿದ್ದ. ಗೆಲ್ಲುವ ದಾರಿ ಅವರಿಗೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಎದ್ದು ಶೌಚಾಲಯಕ್ಕೆ ಹೋದರು. ಬಂದವರೇ ಆ ಕುದುರೆಯನ್ನು ಅಲ್ಲಿಂದ ಕಿತ್ತು ಬಲಿಕೊಟ್ಟರು. ಅಂಥ ನಡೆಯನ್ನು ಅವರ ಕೈಯಲ್ಲಿ ನಾನೆಂದೂ ಕಂಡಿರಲಿಲ್ಲ. ಯೋಚಿಸಿ ನೋಡಿದರೆ ಅದು ಸರಿಯಾದ ನಡೆಯೇ. ನಮ್ಮಂಥವರಿಗೆ ಹೊಳೆಯದಷ್ಟು ಸರಿ.

ಅವರು ಮತ್ತೆ ಎದ್ದಾಗ ನಾನೂ ಹಿಂದೆಯೇ ಹೋದೆ. ಅಗುಳಿ ಮುರಿದ ಬಾಗಿಲು ತಳ್ಳಿದೊಡನೆ ತೆರೆಯಿತು. ಮೂತ್ರದ ನಾತ, ಕಾಲಡಿ ಕಪ್ಪು ನೀರು, ಗೋಡೆಯ ತುಂಬ ಗುಟ್ಕಾ ಉಗುಳು. ಅದರ ನಡುವೆ ಪ್ಯಾಂಟು ಮಡಚಿಕೊಂಡು ನಿಂತ ನನ್ನ ಗುರುಗಳು. ಕೈಯಲ್ಲಿ ಮೊಬೈಲ್, ಅದರಲ್ಲಿ ನಮ್ಮದೇ ಆಟ, ಮುಂದಿನ ನಡೆ ತೋರಿಸುವ ಬಾಣದ ಸಮೇತ.

“ಹೊಟ್ಟಿ ಸರಿ ಇಲ್ಲೋ,” ಎಂದರು. ನಾನು ಮೊಬೈಲನ್ನೇ ನೋಡುತ್ತಿದ್ದುದು ಕಂಡು ದನಿ ತಗ್ಗಿಸಿದರು: “ಈಗ ಎಲ್ಲಾರೂ ಮಾಡ್ತಾರ, ತಮ್ಮಾ. ಯಾರಿಗೂ ಹೇಳಬ್ಯಾಡ.”

“ನಿಮ್ಮ ದೇವರಿಗೆ ಯಾರ್ರಿ ಹೇಳಿಕೊಡ್ತಿದ್ರು, ಸರ?” ಎಂದೆ.

“ಅವನ ಕಾಲ ಮುಗೀತು. ಈಗ ಮಷೀನ್ ಹೇಳಿದ್ದ ಖರೇ,” ಎಂದು ನಕ್ಕು ಒದ್ದೆ ಕೈಯನ್ನು ನನ್ನ ಹೆಗಲ ಮೇಲಿಟ್ಟರು. ನಾನು ಆ ಕೈ ಸರಿಸಿ ಹೊರಬಂದೆ.

ನೇರ ತೀರ್ಪುಗಾರರ ಹತ್ತಿರ ಹೋಗಿ ಹೇಳಿದೆ. ಅವರು ಮೊಬೈಲ್ ನೋಡಿ ಆಟವನ್ನು ನನಗೆ ಕೊಟ್ಟರು; ಪಂದ್ಯಾವಳಿಯೂ ನನ್ನದಾಯಿತು. ಅಷ್ಟೇ. ಮುಂದಿನ ಭಾನುವಾರ ಗುರುಗಳು ಎಂದಿನಂತೆ ಬಂದು ಹೊಸಬರಿಗೆ ಪಾಠ ಹೇಳತೊಡಗಿದರು. ಸಂಘದವರು ಅವರಿಗೆ ಚಹಾ ತಂದುಕೊಟ್ಟರು. ಕಾರ್ಯದರ್ಶಿ ನನಗೇ ಬುದ್ಧಿ ಹೇಳಿದರು: “ಹೋಗ್ಲಿ ಬಿಡ್ರಿ, ಹಿರೇರ ಅದಾರ. ಇದೇನ್ ಭಾಳ ದೊಡ್ಡ ಮಾತ ಅಲ್ಲ.”

ಆ ಚಹಾ, ಆ ನಗು, ಆ ಸಮಾಧಾನ ಯಾವುದನ್ನೂ ನನ್ನಿಂದ ಸಹಿಸಲಾಗಲಿಲ್ಲ. ಅಂದು ನನಗೆ ಕೊಟ್ಟ ಪಂದ್ಯಾವಳಿಯ ಕಪ್ಪನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ಈಗ ರಜೆಯ ದಿನ ರೈಲು ಹತ್ತಿ ಲಿಂಗಂಪಲ್ಲಿಯ ಗೆಳೆಯನ ಮನೆಗೆ ಆಡಲು ಹೋಗುತ್ತೇನೆ. ಮೊಬೈಲ್ ಮುಟ್ಟುವವನಲ್ಲ; ಆದರೆ ತಾನು ಸೋತರೆ ಬಯ್ಯುವ ಚಟ ಅವನಿಗೆ. ಬೈಸಿಕೊಂಡು ಬರುತ್ತೇನೆ.