ಷಡ್ಡಕನ ತಲೆ

ಷಡ್ಡಕನ ತಲೆಯಲ್ಲಿ ಹೊಸ ಕೂದಲು ಮೂಡುವವರೆಗೆ ಕನ್ನಡಕದಂಗಡಿಯವನಿಗೆ ತನ್ನ ಬೋಳುತಲೆ ಒಂದು ಸಂಗತಿಯೇ ಆಗಿರಲಿಲ್ಲ.

ಮದುವೆಯ ಹೊತ್ತಿಗೇ ಅವನ ಹಣೆ ಮೇಲಕ್ಕೆ ಸರಿಯತೊಡಗಿತ್ತು. ಮಗಳು ಶಾಲೆಗೆ ಸೇರುವಷ್ಟರಲ್ಲಿ ನೆತ್ತಿಯೂ ಬರಿದಾಗಿ, ಈ ಕಿವಿಯಿಂದ ಆ ಕಿವಿಗೆ ಹಿಂದುಗಡೆ ಒಂದು ಅಂಚು ಮಾತ್ರ ಉಳಿದಿತ್ತು. ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಒತ್ತುತ್ತದೆಯೇ ಎಂದು ಬೆರಳಿಟ್ಟು ನೋಡಿ, ಕನ್ನಡಿಯತ್ತ ತಿರುಗಿಸಿದಾಗಲೆಲ್ಲ ಆ ಮುಖದ ಹಿಂದೆ ಅವನ ತಲೆಯೂ ಕಾಣುತ್ತಿತ್ತು. ದಿನವೆಲ್ಲ ಕಾಣುವುದನ್ನು ಕಣ್ಣು ನೋಡುವುದನ್ನೇ ಬಿಟ್ಟುಬಿಡುತ್ತದೆ. ಅಪ್ಪನದೂ ಹೀಗೇ ಇತ್ತು, ಚಿಕ್ಕಪ್ಪನದೂ ಹೀಗೇ ಇತ್ತು. ಮನೆತನದ ಆಸ್ತಿ ಎಂದು ತಾನೇ ನಗುತ್ತಿದ್ದ.

ಕೂದಲಿನ ವಿಷಯ ಬಿಟ್ಟರೆ ಅವನು ಹೊಟ್ಟೆಕಿಚ್ಚಿನ ಮನುಷ್ಯನೇ. ಎದುರಿನ ಅಂಗಡಿಗೆ ಹೊಸ ಬೋರ್ಡು ಬಂದರೆ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ. ಹೆಂಡತಿಗೆ ಇದು ಮದುವೆಯಾದ ಮೊದಲ ವರ್ಷವೇ ತಿಳಿದಿತ್ತು. ಆದರೆ ಆ ಕಿಚ್ಚಿಗೆಲ್ಲ ಒಂದು ಕಾಯಂ ವಿಳಾಸ ಸಿಕ್ಕಿದ್ದು ಹೆಂಡತಿಯ ತಂಗಿಗೆ ಮದುವೆಯಾದ ಮೇಲೆ.

ಷಡ್ಡಕ ಡ್ರೈವಿಂಗ್ ಶಾಲೆ ನಡೆಸುತ್ತಿದ್ದ. ಎಲ್ಲರೂ ಅವನನ್ನು ಸ್ಟೇರಿಂಗ್ ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವನ ದನಿ ಒಳಮನೆಗೆ ಮುಟ್ಟುತ್ತಿತ್ತು. ಅತ್ತೆಯನ್ನು ಕಾರಿನಲ್ಲಿ ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸುವನು, ಕೆಟ್ಟುಹೋದ ಫ್ಯಾನು ಬಿಚ್ಚಿ ಕೂರುವನು, ಫ್ಯಾನು ಸರಿಹೋಗದಿದ್ದರೂ ಹೊಗಳಿಸಿಕೊಂಡು ಏಳುವನು. ಹನ್ನೊಂದು ವರ್ಷ ಬಿಟ್ಟಿಯಾಗಿ ಕನ್ನಡಕ ಮಾಡಿಕೊಟ್ಟ ದೊಡ್ಡಳಿಯನ ಬಗ್ಗೆ ಅತ್ತೆ ಹೇಳುತ್ತಿದ್ದದ್ದು ಒಂದೇ ಮಾತು: ಪಾಪ, ತಮ್ಮ ಪಾಡಿಗೆ ತಾವಿರ್ತಾರೆ. ಆ "ಪಾಪ" ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು.

ಒಂದೇ ಒಂದು ಸಮಾಧಾನವಿತ್ತು. ಸ್ಟೇರಿಂಗಿನ ತಲೆಯೂ ಅದೇ ದಾರಿ ಹಿಡಿದಿತ್ತು. ಮದುವೆಯಾದ ನಾಲ್ಕೈದು ವರ್ಷಕ್ಕೆ ಅವನ ಹಣೆಯ ಎರಡು ಬದಿಯೂ ಒಳಸರಿದು ನೆತ್ತಿ ತೆಳ್ಳಗಾಗಿತ್ತು. ಮನೆಮಂದಿ ಸೇರಿದಾಗ ಅವನು ಬಂದು ಪಕ್ಕದಲ್ಲಿ ಕೂತು, ನಮ್ಮಿಬ್ಬರದೂ ಒಂದೇ ಅಚ್ಚು ಭಾವ ಎಂದು ಎರಡು ತಲೆಗಳನ್ನೂ ತೋರಿಸಿ ನಗಿಸುತ್ತಿದ್ದ. ಕನ್ನಡಕದವನು ಮುಖ ಗಂಟಿಕ್ಕಿದರೂ ಒಳಗೊಳಗೇ ಹಿಗ್ಗುತ್ತಿದ್ದ. ಇದೊಂದರಲ್ಲಾದರೂ ಇವನು ನನ್ನ ಹಿಂದೆಯೇ ಬರಬೇಕಲ್ಲ ಎಂದುಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಸ್ಟೇರಿಂಗ್ ಓದುವ ಕನ್ನಡಕ ಮಾಡಿಸಿಕೊಳ್ಳಲು ಅಂಗಡಿಗೆ ಬಂದ. ಕಣ್ಣುಗಳ ನಡುವಿನ ಅಂತರ ಅಳೆಯಲು ಇವನು ಪಟ್ಟಿ ಹಿಡಿದು ಅವನ ಮುಖದ ಹತ್ತಿರಕ್ಕೆ ಬಗ್ಗಿದ. ಹಣೆಯ ಬದಿಯಲ್ಲಿ, ಕಳೆದ ಸಲ ನುಣ್ಣಗಿದ್ದ ಜಾಗದಲ್ಲಿ, ಗಿಡ್ಡ ಗಿಡ್ಡ ಕಪ್ಪು ಕೂದಲು ನೆಟ್ಟಗೆ ನಿಂತಿತ್ತು. ಪಟ್ಟಿ ಹಿಡಿದ ಕೈ ಅಲ್ಲೇ ನಿಂತಿತು. ಕಡ್ಡಿ ನೋಡುವ ನೆಪದಲ್ಲಿ ಹಿಂದಕ್ಕೆ ಹೋಗಿ ನೆತ್ತಿ ನೋಡಿದ. ಅಲ್ಲೂ ಅಷ್ಟೇ, ಚರ್ಮ ಕಾಣುತ್ತಿದ್ದ ಕಡೆ ನೆರಳು ಬಿದ್ದ ಹಾಗಿತ್ತು.

ಎಣ್ಣೆ ಬದಲಾಯಿಸಿದಿರಾ ಎಂದು, ದನಿಯಲ್ಲಿ ಏನೂ ಇಲ್ಲದ ಹಾಗೆ ಕೇಳಿದ.

"ಏನಿಲ್ಲ ಭಾವ," ಎಂದ ಸ್ಟೇರಿಂಗ್. "ಈಗೀಗ ರಾತ್ರಿ ಬೇಗ ಮಲಗ್ತೀನಿ. ನಿದ್ದೆ ಚೆನ್ನಾಗಾದ್ರೆ ಎಲ್ಲಾ ಸರಿಹೋಗುತ್ತೆ."

ಇದು ಸುಳ್ಳೆಂದು ಕನ್ನಡಕದವನಿಗೆ ಗೊತ್ತಿತ್ತು. ಆದರೂ ಅಂದಿನಿಂದ ಎರಡು ವಾರ ಅವನು ಮಗಳಿಗಿಂತ ಮೊದಲು ದೀಪ ಆರಿಸಿ ಮಲಗಿದ. ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಗಿಡ್ಡ ಕೂದಲೇ ಕಾಣುತ್ತಿತ್ತು.

ಸುದ್ದಿ ಮನೆಯಲ್ಲೂ ಹರಡಿತು. ಚಿಕ್ಕಳಿಯ ದಿನೇ ದಿನೇ ಚಿಕ್ಕವನಾಗ್ತಿದ್ದಾನೆ ಎಂದು ಅತ್ತೆ ಎಲ್ಲರೆದುರು ಹೇಳಿದಳು. ನಾದಿನಿ ಗಂಡನ ತಲೆಗೂದಲನ್ನು ಸರಿಪಡಿಸುವ ಹೊಸ ಅಭ್ಯಾಸ ಕಲಿತಿದ್ದಳು. "ನಮ್ಮಿಬ್ಬರದೂ ಒಂದೇ ಅಚ್ಚು" ಎಂಬ ಮಾತನ್ನು ಸ್ಟೇರಿಂಗ್ ಹೇಳದೇ ಎಷ್ಟೋ ದಿನವಾಗಿತ್ತು. ಕನ್ನಡಕದವನಿಗೆ ಇದು ಮೋಸವೆನಿಸಿತು. ಒಂದೇ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬ ಹೇಳದೇ ಕೇಳದೇ ಕಾರು ಹತ್ತಿ ಹೋದ ಹಾಗಾಗಿತ್ತು.

ಗುಟ್ಟು ಸಿಕ್ಕಿದ್ದು ಅಂಗಡಿಯಲ್ಲಿ ಕೂತಲ್ಲೇ. ಅದೇ ಸಾಲಿನ ಕೊನೆಯಲ್ಲಿ ಚರ್ಮದ ಡಾಕ್ಟರ ಕ್ಲಿನಿಕ್ಕಿತ್ತು. ಒಂದು ಸಂಜೆ ಅಲ್ಲಿಂದ ಟೋಪಿ ಹಾಕಿದ ಒಬ್ಬ ಹೊರಬಂದು, ತಲೆ ತಗ್ಗಿಸಿ ಬಿರಬಿರನೆ ರಸ್ತೆ ದಾಟಿ ಡ್ರೈವಿಂಗ್ ಶಾಲೆಯ ಕಾರು ಹತ್ತಿದ. ಕಾರಿನ ನೆತ್ತಿಯ ಮೇಲೆ ಅಷ್ಟು ದೊಡ್ಡ ಬೋರ್ಡಿಟ್ಟುಕೊಂಡು ಗುಟ್ಟು ಮಾಡಲು ಹೊರಟವನ ಬುದ್ಧಿಗೆ ಏನೆನ್ನಬೇಕೋ ಕನ್ನಡಕದವನಿಗೆ ತಿಳಿಯಲಿಲ್ಲ. ಮರುದಿನವೇ ಅವನೂ ಕ್ಲಿನಿಕ್ಕಿಗೆ ಹೋದ.

ಡಾಕ್ಟರಮ್ಮ ಅವನಲ್ಲೇ ಕನ್ನಡಕ ಮಾಡಿಸಿಕೊಂಡವರು. ನಮ್ಮ ಷಡ್ಡಕನಿಗೆ ಕೊಟ್ಟದ್ದನ್ನೇ ನನಗೂ ಕೊಡಿ ಎಂದು ಅವನು ನೇರ ಕೇಳಿದ. ಯಾರಿಗೆ ಏನು ಕೊಟ್ಟೆ ಅನ್ನೋದನ್ನ ನಾನು ಇನ್ನೊಬ್ಬರಿಗೆ ಹೇಳೋದಿಲ್ಲ ಎಂದು ಅವರು ಅಷ್ಟೇ ನೇರ ಹೇಳಿ, ದೀಪ ಹಿಡಿದು ಅವನ ತಲೆಯನ್ನು ಬಹಳ ಹೊತ್ತು ನೋಡಿದರು. ಫಿನಾಸ್ಟರೈಡ್ ಎಂಬ ಮಾತ್ರೆಯಿದೆ, ದಿನಕ್ಕೊಂದು. ಗಂಡಸರ ಇಂಥ ಬೋಳಿಗೆ ಎಷ್ಟೋ ಜನರಲ್ಲಿ ಕೆಲಸ ಮಾಡುತ್ತದೆ. ಆದರೆ ಬೇರು ಇನ್ನೂ ಬದುಕಿರುವ ಕಡೆ ಮಾತ್ರ. ನಿಮ್ಮದು ಮುಂದುಗಡೆ ಹೋಗಿ ಬಹಳ ಕಾಲವಾಗಿದೆ, ಇರುವುದು ಉಳಿದರೆ ಅದೇ ದೊಡ್ಡದು. ಫಲ ಕಾಣಲು ತಿಂಗಳುಗಟ್ಟಲೆ ಬೇಕು, ಬಿಟ್ಟರೆ ಬಂದದ್ದು ಮತ್ತೆ ಹೋಗುತ್ತದೆ. ಕೆಲವರಿಗೆ ಹೆಂಡತಿಯ ಮೇಲಿನ ಆಸೆ ತಗ್ಗುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಹಾಗೇನಾದರೂ ಆದರೆ ನಾಚಿಕೊಳ್ಳದೆ ಬಂದು ಹೇಳಬೇಕು. ಇಷ್ಟು ಹೇಳಿ, ಚೀಟಿ ಬರೆಯುತ್ತ ಇನ್ನೊಂದು ಮಾತು ಸೇರಿಸಿದರು.

"ಇದನ್ನ ತಗೊಳ್ಳೋವಷ್ಟು ದಿನ ಯಾರಿಗೂ ರಕ್ತ ಕೊಡಬೇಡಿ. ಅದು ಬಸುರಿ ಹೆಂಗಸಿಗೆ ಹೋದ್ರೆ ಹೊಟ್ಟೆಯಲ್ಲಿರೋ ಗಂಡು ಮಗುವಿಗೆ ತೊಂದರೆ ಆಗಬಹುದು. ಬಿಟ್ಟ ಮೇಲೂ ಒಂದು ತಿಂಗಳು ಕಾಯಬೇಕು."

ಅವನು ಎಲ್ಲಕ್ಕೂ ತಲೆಯಾಡಿಸಿದ. ಅವನ ಕಿವಿಗೆ ಬಿದ್ದದ್ದು ಕೆಲಸ ಮಾಡುತ್ತದೆ ಎಂಬುದೊಂದೇ.

ಮಾತ್ರೆಯನ್ನು ಅಂಗಡಿಯಲ್ಲಿ, ಮೂಗಿಗೆ ಒತ್ತುವ ರಬ್ಬರ್ ಗುಂಡಿಗಳ ಖಾನೆಯಲ್ಲಿ ಬಚ್ಚಿಟ್ಟ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಂದನ್ನು ನುಂಗಿ, ಆಮೇಲೆ ಕನ್ನಡಿ ಒರೆಸುವನು. ಈಗ ಕನ್ನಡಿಯೆಂದರೆ ಅವನಿಗೆ ಬೇರೆಯೇ ವಸ್ತು. ಗಿರಾಕಿ ತನ್ನ ಹೊಸ ಮುಖ ನೋಡಿಕೊಳ್ಳುತ್ತಿದ್ದರೆ ಇವನು ಹಿಂದೆ ನಿಂತು ತನ್ನ ನೆತ್ತಿ ನೋಡಿಕೊಳ್ಳುತ್ತಿದ್ದ. ಮೊದಲ ತಿಂಗಳುಗಳಲ್ಲಿ ಇದ್ದ ಅಂಚಿನಿಂದಲೇ ಇನ್ನಷ್ಟು ಉದುರಿದಾಗ ಬೆವರಿದ. ಆಮೇಲೆ ಉದುರುವುದು ನಿಂತಿತು. ಹೊಸದಾಗಿ ಮೂಡಿದ್ದೆಂದರೆ ಎಡಗಿವಿಯ ಮೇಲೆ ಒಂದಿಷ್ಟು ತುಪ್ಪುಳ. ಅದನ್ನು ನೋಡಲು ಅಂಗಡಿಯ ಭೂತಗನ್ನಡಿಯೇ ಬೇಕಿತ್ತು. ಅತ್ತ ಸ್ಟೇರಿಂಗ್ ಬಾಚಣಿಗೆ ಇಟ್ಟುಕೊಂಡು ಓಡಾಡುವಂತಾಗಿದ್ದ. ಒಂದೇ ಮಾತ್ರೆ, ಒಂದೇ ಡಾಕ್ಟರು. ಮಾತ್ರೆಗೂ ಅತ್ತೆಯ ಹಾಗೆ ಚಿಕ್ಕಳಿಯನೇ ಹೆಚ್ಚು ಎಂದು ಅವನು ಹಲ್ಲು ಕಡಿದ.

ಐದನೆಯ ತಿಂಗಳಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮರುದಿನವೇ ಆಪರೇಷನ್. ಹೆಣ್ಣುಮಕ್ಕಳಿಬ್ಬರೂ ಅಳಿಯಂದಿರಿಬ್ಬರೂ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ, ಕಬ್ಬಿಣದ ಕುರ್ಚಿಗಳ ಮೇಲೆ ಕೂತಿದ್ದರು. ರಕ್ತನಿಧಿಯ ನರ್ಸ್ ಬಂದು, ಅಮ್ಮನಿಗೆ ಬೇಕಾದ ರಕ್ತ ನಮ್ಮಲ್ಲಿದೆ, ಬದಲಿಗೆ ಮನೆಯವರು ಇಬ್ಬರು ಕೊಟ್ಟರೆ ಉಪಕಾರ ಎಂದಳು.

ಎಲ್ಲರೂ ಸ್ಟೇರಿಂಗಿನತ್ತ ನೋಡಿದರು. ಯಾವ ಕೆಲಸಕ್ಕೂ ಮೊದಲು ಎದ್ದು ನಿಲ್ಲುವವನು ಅವನೇ. ಅವನು ಏಳಲಿಲ್ಲ. ಬಾಚಿದ ತಲೆಯನ್ನು ಕೈಯಿಂದ ಸವರಿಕೊಂಡು, ಮೊನ್ನೆ ತನಗೆ ಜ್ವರವಿತ್ತೆಂದು ಗೊಣಗಿದ. ಹೆಂಡತಿ ಅವನ ಮುಖವನ್ನೇ ದಿಟ್ಟಿಸಿದಳು. ಒಂದೇ ಮನೆಯಲ್ಲಿರುವ ಅವಳಿಗೆ ಆ ಜ್ವರದ ಸುದ್ದಿಯೇ ಇರಲಿಲ್ಲ.

ಕನ್ನಡಕದವನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎಷ್ಟು ವರ್ಷದಿಂದ ಈ ಗಳಿಗೆಗೆ ಕಾದಿದ್ದನೋ. ಷಡ್ಡಕ ತಲೆ ತಗ್ಗಿಸಿ ಕೂತಿದ್ದಾನೆ, ಕಾರಣ ತನಗೊಬ್ಬನಿಗೇ ಗೊತ್ತು. ಅವನು ಅಂಗಿಯ ತೋಳು ಮಡಚುತ್ತ ಎದ್ದೇ ಬಿಟ್ಟ. "ನಡೀರಿ, ನಾನು ಕೊಡ್ತೀನಿ," ಎಂದ. ಹೆಂಡತಿ ಅವನನ್ನು ನೋಡಿದ ನೋಟದಲ್ಲಿ ಎಂದೂ ಇಲ್ಲದ ಒಂದು ಹೆಮ್ಮೆಯಿತ್ತು.

ನಾಲ್ಕು ಹೆಜ್ಜೆ ಹೋದ ಮೇಲೆ, ಅದೇ ಮಾತ್ರೆಯನ್ನು ತಾನೂ ನುಂಗುತ್ತಿರುವುದು ನೆನಪಾಯಿತು. ಹಿಂದಿರುಗಲು ಕಾಲು ಬರಲಿಲ್ಲ. ಇವತ್ತಿನದನ್ನು ಇನ್ನೂ ನುಂಗಿಲ್ಲವಲ್ಲ, ಅತ್ತೆಯೇನು ಬಸುರಿಯಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಒಳಗೆ ತೂಕ ನೋಡಿದರು, ಬೆರಳು ಚುಚ್ಚಿದರು. ಯಾವುದಾದರೂ ಔಷಧಿ ತಗೊಳ್ತೀರಾ ಎಂದು ನರ್ಸ್ ಕೇಳಿದಾಗ ಇಲ್ಲವೆಂದ. ಮಂಚದ ಮೇಲೆ ಮಲಗಿ ತೋಳು ಚಾಚಿದ. ನರ್ಸ್ ರಬ್ಬರ್ ಪಟ್ಟಿ ಬಿಗಿಯುವಾಗ, ಈ ರಕ್ತ ನಮ್ಮ ಅತ್ತೆಗೇ ತಾನೇ ಹೋಗೋದು ಎಂದು ಸುಮ್ಮನೆ ಕೇಳುವಂತೆ ಕೇಳಿದ.

"ಹಾಗೇನಿಲ್ಲ," ಎಂದಳು ಅವಳು. "ಯಾರಿಗೆ ಬೇಕೋ ಅವರಿಗೆ. ನಮ್ಮಲ್ಲಿ ಹೆಚ್ಚು ಕೇಳೋದೇ ಮೇಲಿನ ಹೆರಿಗೆ ವಾರ್ಡಿನವರು."

ಅವನು ತೋಳನ್ನು ಎಳೆದುಕೊಂಡು ಎದ್ದು ಕೂತ. ಕೂದಲಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳುವಾಗ ಅವನ ದನಿ ಅವನಿಗೇ ಕೇಳಿಸಲಿಲ್ಲ. ನರ್ಸ್ ನಗಲಿಲ್ಲ, ಬೈಯಲೂ ಇಲ್ಲ. ಒಮ್ಮೆ ಅವನ ತಲೆ ನೋಡಿ ಪಟ್ಟಿ ಬಿಚ್ಚಿದಳು. ಮೊದಲೇ ಹೇಳಬೇಕಿತ್ತು, ಬಿಟ್ಟು ತಿಂಗಳಾದ ಮೇಲೆ ಬನ್ನಿ ಎಂದಳು. ಅವಳು ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹೊರಗೆ ಬಂದವನ ತೋಳಿನಲ್ಲಿ ಹತ್ತಿಯಿರಲಿಲ್ಲ. ನಂದು ಬೇಡವಂತೆ ಎಂದಷ್ಟೇ ಹೇಳಿದ. ಹೆಂಡತಿ ಮುಂದಿನ ಮಾತಿಗೆ ಕಾಯದೆ ಕೈಚೀಲವನ್ನು ಅವನ ತೊಡೆಯ ಮೇಲಿಟ್ಟು, ತಂಗಿಯನ್ನು ಕರೆದುಕೊಂಡು ಒಳಗೆ ಹೋದಳು. ಅಕ್ಕತಂಗಿಯರ ರಕ್ತಕ್ಕೆ ಯಾವ ಅಡ್ಡಿಯೂ ಬರಲಿಲ್ಲ.

ಕಾರಿಡಾರಿನಲ್ಲಿ ಷಡ್ಡಕರಿಬ್ಬರೇ ಉಳಿದರು. ಸ್ಟೇರಿಂಗ್ ಪಕ್ಕಕ್ಕೆ ಸರಿದು, ಅವನ ಜನ್ಮದಲ್ಲಿ ಅಷ್ಟು ಮೆಲ್ಲಗೆ ಮಾತಾಡಿರಲಿಲ್ಲವೋ ಏನೋ ಎನ್ನುವಷ್ಟು ಮೆಲ್ಲಗೆ, "ಭಾವ, ನೀವೂನಾ?" ಎಂದ.

ಕನ್ನಡಕದವನು ಹೌದೆಂದು ತಲೆಯಾಡಿಸಿದ.

"ಎಷ್ಟು ತಿಂಗಳಾಯ್ತು?"

"ಐದು."

ಸ್ಟೇರಿಂಗ್ ಕತ್ತು ಚಾಚಿ ಅವನ ನೆತ್ತಿಯನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಿದ. ನಿಜವಾದ ಕನಿಕರದಿಂದ, "ಬರುತ್ತೆ ಬಿಡಿ ಭಾವ, ಕೆಲವರಿಗೆ ನಿಧಾನ," ಎಂದ.

ಹೆರಿಗೆ ವಾರ್ಡಿನ ಮಾತು ಕೇಳಿದಾಗ ಆದ ನಾಚಿಕೆಯೆಲ್ಲ ಈ ಒಂದು ಮಾತಿಗೆ ಹಾರಿಹೋಗಿ, ಹಳೆಯ ಕಿಚ್ಚು ಭಗ್ಗೆಂದಿತು. ಬೈಗುಳವನ್ನಾದರೂ ಸಹಿಸಿಕೊಳ್ಳುತ್ತಿದ್ದ. ಇವನ ಕನಿಕರವನ್ನು ಎಲ್ಲಿ ಇಟ್ಟುಕೊಳ್ಳಬೇಕು? ಆದರೆ ಸ್ಟೇರಿಂಗ್ ಮಾತು ನಿಲ್ಲಿಸಿರಲಿಲ್ಲ. ಈ ಮಾತ್ರೆ ತನ್ನನ್ನು ಹಿಡಿದುಕೊಂಡುಬಿಟ್ಟಿದೆ ಎಂದ. ಬಿಟ್ಟರೆ ಬಂದದ್ದೆಲ್ಲ ಹೋಗುತ್ತದೆ, ಎಲ್ಲರೂ ಹೊಗಳಿದ ಮೇಲೆ ಮತ್ತೆ ಬೋಳಾಗುವುದು ಮೊದಲೇ ಬೋಳಾಗಿದ್ದುದಕ್ಕಿಂತ ಕಷ್ಟ. ಹೆಂಡತಿಗೂ ಹೇಳಿಲ್ಲ, ಹೇಳಲು ಈಗ ಬಾಯಿ ಬರುವುದಿಲ್ಲ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು ಭಾವ, ಇದ್ದ ಹಾಗೇ ಆರಾಮಾಗಿದ್ದಿರಿ ಎಂದ. ಕನ್ನಡಕದವನು ಹೆಂಡತಿಯ ಕೈಚೀಲದ ಬಾಯಿ ತೆಗೆದು ಮುಚ್ಚುತ್ತ ಕೂತ.

ಆಪರೇಷನ್ ಚೆನ್ನಾಗಿ ಆಯಿತು. ಮಾತಾಡುವಷ್ಟು ಚೇತರಿಸಿಕೊಂಡ ಅತ್ತೆಗೆ ಯಾರೋ ನಡೆದದ್ದನ್ನು ಹೇಳಿದರು. ಪಾಪ, ಚಿಕ್ಕಳಿಯನಿಗೆ ಜ್ವರವಿದ್ದರೂ ಬಂದು ಕೂತಿದ್ದನಲ್ಲ ಎಂದು ಅವಳು ಕಣ್ಣು ಒರೆಸಿಕೊಂಡಳು. ದೊಡ್ಡಳಿಯ ಸೂಜಿ ಕಂಡು ಹೆದರಿ ಎದ್ದು ಬಂದನೆಂದು ಅವರು ಊಹಿಸಿ ಹೇಳಿದ್ದನ್ನು ಕೇಳಿ, ಮುರಿದ ಸೊಂಟ ನೋಯುವಷ್ಟು ನಕ್ಕಳು. ಅವನು ಹಾಸಿಗೆಯ ಕಾಲ ಬಳಿ ನಿಂತು ತಾನೂ ನಕ್ಕ.

ಅಂದು ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟ. ಷಡ್ಡಕನ ಮಾತ್ರೆಯದೊಂದನ್ನು ಬಿಟ್ಟು. ಯಾಕೆ ಬಿಟ್ಟನೋ ಅವನಿಗೇ ಸ್ಪಷ್ಟವಿಲ್ಲ. ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡ.

"ತಂಗಿ ಗಂಡನ್ನ ನೋಡಿ ಉರ್ಕೊಳ್ಳೋಕೆ ಮಾತ್ರೆ ಬೇರೆ ಬೇಕಿತ್ತಾ ನಿಮಗೆ?" ಎಂದಳು ಹೆಂಡತಿ. ಆಮೇಲೆ, "ಆ ಮಂಚದಿಂದ ಎದ್ದು ಬಂದ್ರಲ್ಲ, ಅದು ಒಳ್ಳೇದಾಯ್ತು," ಎಂದಳು.

ಅವನು ಡಾಕ್ಟರಮ್ಮನಿಗೆ ತಿಳಿಸಿ ಮಾತ್ರೆ ಬಿಟ್ಟ. ತಿಂಗಳು ಕಳೆದು ಇನ್ನೊಂದು ವಾರವೂ ಆದ ಮೇಲೆ, ಯಾರಿಗೂ ಹೇಳದೆ ಹೋಗಿ ರಕ್ತ ಕೊಟ್ಟು ಬಂದ. ಯಾರಿಗೂ ಹೇಳದೆ ಎಂಬುದು ಪೂರ್ತಿ ನಿಜವಲ್ಲ. ತೋಳಿನ ಹತ್ತಿ ಕಾಣುವಂತೆ ಅಂಗಿ ಮಡಚಿಕೊಂಡು ನೇರ ಅತ್ತೆಯ ಮನೆಗೇ ಹೋಗಿದ್ದ. ಅವಳು ನಡೆಗೋಲು ಹಿಡಿದು ಬಾಗಿಲಿಗೆ ಬಂದು, ಹತ್ತಿಯನ್ನು ನೋಡದೆ, ಚಿಕ್ಕಳಿಯ ನಿಮ್ಮ ಜೊತೆ ಬರಲಿಲ್ಲವಾ ಎಂದು ಬೀದಿಯತ್ತ ಕಣ್ಣು ಹಾಯಿಸಿದಳು.

ಎಡಗಿವಿಯ ಮೇಲಿನ ತುಪ್ಪುಳ ಕೆಲವು ತಿಂಗಳಲ್ಲಿ ಉದುರಿಹೋಯಿತು. ಸ್ಟೇರಿಂಗಿನ ಕೂದಲು ಇನ್ನೂ ದಟ್ಟವಾಗಿಯೇ ಇದೆ. ಅದನ್ನು ಕಂಡಾಗ ಕನ್ನಡಕದವನ ಹೊಟ್ಟೆ ಈಗಲೂ ಉರಿಯುತ್ತದೆ, ಮೊದಲಿನಷ್ಟೇ. ಒಂದು ವ್ಯತ್ಯಾಸವೆಂದರೆ, ಸ್ಟೇರಿಂಗ್ ಈಗ ಆಗಾಗ ಅಂಗಡಿಗೆ ಬಂದು, ಗಿರಾಕಿಯಿಲ್ಲದ ಹೊತ್ತು ನೋಡಿ, ತಲೆ ಬಗ್ಗಿಸಿ, ನೆತ್ತಿ ಎಲ್ಲಾದರೂ ತೆಳ್ಳಗಾಗಿದೆಯಾ ನೋಡಿ ಭಾವ ಎನ್ನುತ್ತಾನೆ. ಇನ್ಯಾರನ್ನೂ ಅವನು ಕೇಳುವ ಹಾಗಿಲ್ಲ. ಕನ್ನಡಕದವನು ಭೂತಗನ್ನಡಿ ಹಿಡಿದು, ಕೂದಲು ಸರಿಸಿ, ಬೇಕೆಂದೇ ಬಹಳ ಹೊತ್ತು ನೋಡುತ್ತಾನೆ. ಷಡ್ಡಕ ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಆಮೇಲೆ ಕನ್ನಡಕದವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ: ಏನೂ ಆಗಿಲ್ಲ, ಹಾಗೇ ಇದೆ.